ಗೋಕಿಲಾಗೆ ಏನು ಅರ್ಥವಾಗಿತ್ತು ಎಂದು ನೀವು ಕೇಳಲಿಲ್ಲ

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ಕಲೆಕ್ಟರ್ ಕಚೇರಿಯ ಸೋಮವಾರದ ಅಹವಾಲು ಸಾಲಿನಲ್ಲಿ ಮೂರು ಗಂಟೆ ನಿಂತು ನಾನು ಕೊಟ್ಟ ನಾಲ್ಕು ಪುಟದ ಅರ್ಜಿಗೆ, ಏಳು ವಾರಗಳಾದ ಮೇಲೆ, ನಿಮ್ಮ ಕಚೇರಿಯಿಂದ ಹನ್ನೊಂದು ಸಾಲಿನ ಉತ್ತರ ಬಂದಿದೆ. ಅದರ ಎಂಟನೆಯ ಸಾಲು ಹೀಗಿದೆ: ‘ಸಂಬಂಧಪಟ್ಟ ತಾಯಿಗೆ ಗರ್ಭಕಾಲದ ಸಕ್ಕರೆ ಕಾಯಿಲೆಯ ಬಗ್ಗೆ ತಿಳಿವಳಿಕೆ ನೀಡಲಾಗಿದೆ, ಅವರು ಅರ್ಥಮಾಡಿಕೊಂಡು ಸಹಿ ಮಾಡಿದ್ದಾರೆ.’ ನನ್ನ ತಕರಾರು ಈ ಒಂದು ಸಾಲಿನ ಮೇಲೆ. ನನ್ನ ಓರಗಿತ್ತಿ ಗೋಕಿಲಾ ಬಸುರಿಯಾಗಿದ್ದಾಗ ಅವಳಿಗೆ ಸಕ್ಕರೆ ಕಾಯಿಲೆ ಬಂದಿದೆ ಎಂದು ನಿಮ್ಮ ಆರೋಗ್ಯ ಕೇಂದ್ರ ಕಂಡುಹಿಡಿಯಿತು. ಅದೇನೆಂದು ಅವಳಿಗೆ ತಿಳಿಯುವ ಹಾಗೆ ಯಾರೂ ಹೇಳಲಿಲ್ಲ. ಅದರ ಫಲವನ್ನು ಎರಡು ವರ್ಷದ ಒಂದು ಹೆಣ್ಣುಮಗು ಇಂದು ತನ್ನ ಬಲಗೈಯಲ್ಲಿ ಹೊತ್ತುಕೊಂಡು ನಮ್ಮ ಮನೆಯಲ್ಲಿ ಓಡಾಡುತ್ತಿದೆ.

ತಮಿಳುನಾಡಿನ ಅಧಿಕಾರಿಗೆ ಕನ್ನಡದಲ್ಲಿ ಪತ್ರವೇ ಎಂದು ತಾವು ಹುಬ್ಬೇರಿಸಬಹುದು. ತಮಿಳಿನಲ್ಲಿ ಬರೆದದ್ದನ್ನೂ ತಾವು ಓದಲಿಲ್ಲವಾದ್ದರಿಂದ ಇದರಿಂದ ಹೊಸ ನಷ್ಟವೇನೂ ಇಲ್ಲ. ತಮಿಳು ಪ್ರತಿಯನ್ನು ಬೇರೆಯಾಗಿ ಕಳಿಸಿದ್ದೇನೆ. ನಾನು ತಾಳವಾಡಿ ಕಡೆಯವಳು, ಹತ್ತನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಮದುವೆಯಾಗಿ ಬಂದ ಉಡುಮಲೈಪೇಟೆ ಪಕ್ಕದ ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಯಾರಿಗೂ ಕನ್ನಡ ಓದಲು ಬಾರದು. ಇದನ್ನು ನಮ್ಮ ಸಮುದಾಯದ ಮಾಸಪತ್ರಿಕೆಗೆ ಕೊಡುತ್ತಿರುವುದು, ಓದಲು ಬರುವ ಯಾರಾದರೊಬ್ಬರು ತಮ್ಮ ಮನೆಯ ಸೊಸೆಗೆ ಗಟ್ಟಿಯಾಗಿ ಓದಿ ಹೇಳಲಿ ಎಂಬ ಆಸೆಯಿಂದ.

ನಮ್ಮದು ತೆಂಗಿನ ತೋಟದ ಮನೆ. ಅತ್ತೆ ಸುಬ್ಬಾತಾಳ್, ಮಾವ ಬೆಳ್ಳಿಯಪ್ಪ. ಮಾವನವರಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಎಡಗಾಲಿನ ಎರಡು ಬೆರಳು ತೆಗೆದಿದ್ದಾರೆ. ನನ್ನ ಗಂಡನ ತಮ್ಮ ತಿರುಮೂರ್ತಿ ಪೊಳ್ಳಾಚಿ ಮಂಡಿಗೆ ಕಾಯಿ ಸಾಗಿಸುವ ವ್ಯಾನ್ ಓಡಿಸುತ್ತಾನೆ. ಅವನ ಹೆಂಡತಿಯೇ ಗೋಕಿಲಾ. ಪ್ಲಸ್ ಟೂ ಓದಿ, ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಮೂರು ವರ್ಷ ಚೆಕಿಂಗ್ ಕೆಲಸ ಮಾಡಿದ ಹುಡುಗಿ. ಒಂದು ಹೊಲಿಗೆ ತಪ್ಪಿದ್ದರೆ ನೂರು ಬನಿಯನ್ನಿನ ನಡುವೆ ಅದನ್ನು ಎತ್ತಿ ತೋರಿಸುತ್ತಿದ್ದಳು. ಇದನ್ನು ಯಾಕೆ ಹೇಳುತ್ತೇನೆಂದರೆ, ಅರ್ಜಿಗಳಿಗೆ ಉತ್ತರ ಬರೆಯುವವರ ಮನಸ್ಸಿನಲ್ಲಿ ‘ಓದುಬರಹ ಬಾರದ ಹಳ್ಳಿ ಹೆಂಗಸರು’ ಎಂಬ ಚಿತ್ರವೊಂದು ಸದಾ ಸಿದ್ಧವಾಗಿರುತ್ತದೆ. ಗೋಕಿಲಾ ದಡ್ಡಿಯಲ್ಲ.

ಆರನೆಯ ತಿಂಗಳಲ್ಲಿ ಒಂದು ಮಂಗಳವಾರ ಅವಳನ್ನು ಕರೆದುಕೊಂಡು ನಾನು ಆರೋಗ್ಯ ಕೇಂದ್ರಕ್ಕೆ ಹೋದೆ. ಬಸುರಿಯರ ದಿನ. ಮೂವತ್ತನಾಲ್ಕು ಹೆಂಗಸರಿದ್ದರು, ಕೂರಲು ಎರಡು ಬೆಂಚು. ಗ್ಲೂಕೋಸ್ ಕಲಸಿದ ನೀರು ಕುಡಿಸಿ, ಎರಡು ಗಂಟೆ ಕಾಯಿಸಿ, ರಕ್ತ ತೆಗೆದರು. ನೂರಾ ಎಪ್ಪತ್ತೆರಡು ಬಂತು. ನರ್ಸಮ್ಮ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಮೂರು ಇಂಗ್ಲಿಷ್ ಅಕ್ಷರ ಬರೆದು, ಸುತ್ತ ಒಂದು ವೃತ್ತ ಎಳೆದರು.

“ಶುಗರ್ ಇದೆ ಅಮ್ಮುಣಿ. ಸಕ್ಕರೆ, ಸ್ವೀಟು ಮುಟ್ಟಬೇಡ. ನಡೆದಾಡು. ಎರಡು ವಾರ ಬಿಟ್ಟು ಊಟ ಮಾಡಿ ಬಾ, ಮತ್ತೆ ಟೆಸ್ಟು. ಪುರಿಂಜುದಾ?”

ಅರ್ಥವಾಯಿತಾ ಎಂದು ಕೇಳಿದ ಆ ಕೊನೆಯ ಪದ ಮುಗಿಯುವಷ್ಟರಲ್ಲಿ ಅವರ ಕಣ್ಣು ಮುಂದಿನ ಹೆಂಗಸಿನ ಮೇಲಿತ್ತು. ಗೋಕಿಲಾ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳೂ ಆಡಿಸಿದಳು. ರಿಜಿಸ್ಟರಿನಲ್ಲಿ ಬೆರಳಿಟ್ಟು ತೋರಿಸಿದ ಕಡೆ ಸಹಿ ಮಾಡಿದಳು. ನಿಮ್ಮ ಎಂಟನೆಯ ಸಾಲಿನ ಸಹಿ ಅದೇ. ಆ ನರ್ಸಮ್ಮನ ಮೇಲೆ ನನಗೆ ಕೋಪವಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ನಾಳೆ ಅವರಿಗೆ ಮೆಮೊ ಕೊಟ್ಟು ಕಡತ ಮುಚ್ಚಿಬಿಡುವ ಸುಲಭದ ದಾರಿಯನ್ನು ನಾನು ನಿಮಗೆ ಕೊಡುವುದಿಲ್ಲ. ಮೂವತ್ತನಾಲ್ಕು ಹೊಟ್ಟೆಗಳನ್ನು ಅಳೆದು, ತೂಕ ನೋಡಿ, ಎಲ್ಲರ ವಿವರವನ್ನು ಮಧ್ಯಾಹ್ನದೊಳಗೆ ಫೋನಿನಲ್ಲಿ ತುಂಬಿಸಬೇಕಾದವರು ಅವರೊಬ್ಬರೇ. ಅವರು ಬೆಳಗಿನಿಂದ ನೀರು ಕುಡಿದದ್ದನ್ನು ನಾನು ನೋಡಲಿಲ್ಲ.

ಕರಪತ್ರವನ್ನೂ ಕೊಟ್ಟರು, ಅದನ್ನು ಮರೆಯಬಾರದು. ಬಣ್ಣದ ಕಾಗದ, ಒಳ್ಳೆಯ ಮುದ್ರಣ. ಅದರಲ್ಲಿ ತಿನ್ನಬೇಕಾದ ಪದಾರ್ಥಗಳ ಚಿತ್ರಗಳಿದ್ದವು: ಓಟ್ಸ್, ಬ್ರೊಕೊಲಿ, ಕಂದು ಬಣ್ಣದ ಬ್ರೆಡ್ಡು, ಕಿವಿ ಹಣ್ಣು. ಕೊಯಮತ್ತೂರಿನ ಆರ್.ಎಸ್. ಪುರಂನ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ ಎಂದು ಆಮೇಲೆ ತಿಳಿಯಿತು. ನಮ್ಮ ಮನೆಯಲ್ಲಿ ದಿನಾ ಬೇಯುವ ಅನ್ನದ ಬಗ್ಗೆ, ಇಡ್ಲಿಯ ಬಗ್ಗೆ, ರಾಗಿ ಮುದ್ದೆಯ ಬಗ್ಗೆ, ಬಾಳೆಹಣ್ಣಿನ ಬಗ್ಗೆ ಒಂದು ಅಕ್ಷರವೂ ಅದರಲ್ಲಿರಲಿಲ್ಲ. ಆ ಕರಪತ್ರವನ್ನು ಯಾವ ಊರಿನ ಬಸುರಿಗಾಗಿ ಬರೆದಿರಿ, ಸ್ವಾಮಿ?

ಇನ್ನು, ನಮಗೆ ಏನು ಅರ್ಥವಾಯಿತು ಎಂಬುದನ್ನು ಹೇಳುತ್ತೇನೆ.

ಅತ್ತೆಗೆ ಅರ್ಥವಾದದ್ದು: ಸಕ್ಕರೆ ಬೇಡ. ನಮ್ಮಲ್ಲಿ ಕಾಯಿಲೆಗೂ ಡಬ್ಬಿಯಲ್ಲಿರುವ ಪದಾರ್ಥಕ್ಕೂ ಹೆಸರು ಒಂದೇ. ಅವರು ಅಂದೇ ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೇರಿಸಿದರು. ಮಾರನೆಯ ದಿನ ತಿರುಮೂರ್ತಿಯ ಕೈಲಿ ಪೊಳ್ಳಾಚಿಯಿಂದ ನಾಟ್ಟುಸಕ್ಕರೆ, ಅಂದರೆ ಕಬ್ಬಿನ ಬೆಲ್ಲದ ಪುಡಿ, ಎರಡು ಕಿಲೋ ತರಿಸಿದರು.

“ಅವ್ರು ಬ್ಯಾಡ ಅಂದುದ್ದು ಬಿಳಿ ಸಕ್ಕರೆಯ ತಾನೆ ಕಣ್ಣು? ಇದು ಮಣ್ಣಲ್ಲಿ ಬೆಳ್ದುದ್ದು. ಒಂದೂ ಆಗಲ್ಲ, ಕುಡಿ” ಎಂದು, ಕಣ್ಣು ಎಂದೇ ಮುದ್ದಾಗಿ ಕರೆಯುತ್ತಾ, ಕಾಫಿಗೆ ಎರಡು ಚಮಚ ಹೆಚ್ಚೇ ಹಾಕಿಕೊಟ್ಟರು. ಬೆಳಗ್ಗೆ ಒಂದು ಎಳನೀರು, ಸಂಜೆ ಒಂದು ಎಳನೀರು, ಊಟಕ್ಕೆ ಎರಡು ಸಲ ಅನ್ನ, ಮಲಗುವ ಮೊದಲು ಬಾಳೆಹಣ್ಣು. ಇದೆಲ್ಲ ಪ್ರೀತಿಯಿಂದ. ಚೊಚ್ಚಲ ಬಸುರಿ ಸೊಸೆಗೆ ಬಡಿಸುವ ಅತ್ತೆಯ ಕೈಯನ್ನು ಯಾವ ಕಾನೂನೂ ತಡೆಯಲಾರದು, ತಿಳಿವಳಿಕೆ ತಡೆಯಬಹುದಿತ್ತು. ನಾನು ಬಸುರಿಯಾಗಿದ್ದಾಗ ನನಗೆ ಸಕ್ಕರೆ ಇರಲಿಲ್ಲ. ಹಾಗಾಗಿ ನನಗೂ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ. ಅತ್ತೆಯ ಮಾತು ನನಗೆ ಸರಿಯೆಂದೇ ತೋರಿತು.

ಗೋಕಿಲಾಗೆ ಅರ್ಥವಾದದ್ದು ಬೇರೆ. ಅವಳು ನೋಡುತ್ತಿದ್ದುದು ಮಾವನವರ ಕಾಲನ್ನು. ಒಂದು ದಿನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಾ, ತಿರುಗಿ ನೋಡದೆ ಕೇಳಿದಳು: “ಅಕ್ಕಾ, ನಂಗೂ ಬೆರಳು ತೆಗೀತಾರಾ?”

“ಚೀ, ಏನ್ ಮಾತು ಆಡ್ತೀಯ.”

“ಮಾವಂಗೆ ಅರುವತ್ತು ವಯಸು. ನಂಗೆ ಇಪ್ಪತ್ತನಾಲ್ಕು. ಕೊಳಂದೆಗೂ ಸಕ್ಕರೆ ಇಟ್ಕೊಂಡೇ ಹುಟ್ಟುತ್ತಾ?”

ಮಗುವಿನ ಬಗ್ಗೆ ಹಾಗೆ ಕೇಳಿದ್ದಕ್ಕೆ ಬೈದೆ. ಬಸುರಿ ಇಂಥ ಮಾತು ಆಡಬಾರದು ಎಂದೆ. ಅವಳು ಮತ್ತೆ ಕೇಳಲಿಲ್ಲ. ತವರಿಗೂ ಹೇಳಲಿಲ್ಲ; ‘ಹುಡುಗಿಗೆ ಮೊದಲೇ ಕಾಯಿಲೆ ಇತ್ತು, ಮುಚ್ಚಿಟ್ಟು ಮದುವೆ ಮಾಡಿದರು’ ಎಂಬ ಮಾತು ಹುಟ್ಟೀತೆಂಬ ಭಯ. ಇದು ಬಸುರಿನಲ್ಲಿ ಬರುವ ಸಕ್ಕರೆ, ಸಾಮಾನ್ಯವಾಗಿ ಹೆರಿಗೆಯಾದ ಮೇಲೆ ಇಳಿಯುತ್ತದೆ, ಹಾಗೆಂದು ಅಲಕ್ಷ್ಯ ಮಾಡುವಂತಿಲ್ಲ, ಊಟ ಬದಲಿಸಿದರೆ, ಬೇಕಾದರೆ ಮದ್ದು ತೆಗೆದುಕೊಂಡರೆ ಹತೋಟಿಗೆ ಬರುತ್ತದೆ. ಈ ಮಾತುಗಳನ್ನು ಹೇಳಲು ಎಷ್ಟು ಹೊತ್ತು ಬೇಕು? ನಾನೀಗ ಗಟ್ಟಿಯಾಗಿ ಓದಿ ನೋಡಿದೆ. ಕಾಲು ನಿಮಿಷ.

ಎರಡು ವಾರ ಕಳೆದು ಮರುಪರೀಕ್ಷೆಯ ದಿನ ಬಂತು. ‘ಟೆಸ್ಟು’ ಎಂಬ ಪದ ಶಾಲೆಗೆ ಹೋದ ಹುಡುಗಿಗೆ ಏನು ಹೇಳುತ್ತದೆ? ಪಾಸಾಗಬೇಕು ಎನ್ನುತ್ತದೆ. ಗೋಕಿಲಾ ಪಾಸಾಗಲು ನಿರ್ಧರಿಸಿದಳು. ಹಿಂದಿನ ದಿನ ಮಧ್ಯಾಹ್ನದಿಂದ ಅನ್ನ ಮುಟ್ಟಲಿಲ್ಲ. ಬೆಳಗ್ಗೆ ಊಟ ಮಾಡಿ ಬರಬೇಕೆಂದಿದ್ದರಲ್ಲ, ಅರ್ಧ ಇಡ್ಲಿ ತಿಂದಳು. “ಅಕ್ಕಾ, ಅತ್ತೆಗೆ ಹೇಳ್ಬ್ಯಾಡಿ. ಇವತ್ತು ಹೆಂಗಾದ್ರೂ ನಾರ್ಮಲ್ ಬರ್ಬೇಕು” ಎಂದಳು. ಅತ್ತೆ ಇಟ್ಟಿದ್ದ ಉಳಿದ ಇಡ್ಲಿಗಳನ್ನು ತಟ್ಟೆಯಿಂದ ಎತ್ತಿ ಎಮ್ಮೆಗೆ ಹಾಕಿದವಳು ನಾನೇ, ಮಾನ್ಯರೇ. ಇದನ್ನೂ ಬರೆಯುತ್ತೇನೆ. ನಿಮ್ಮ ಕಚೇರಿಯ ತಪ್ಪನ್ನು ಎತ್ತಿ ಆಡುವವಳು ತನ್ನದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಬಾರದು.

ನೂರಾ ನಾಲ್ಕು ಬಂತು.

“ಸೂಪರ್ ಮಾ! ಎಲ್ಲರೂ ನಿನ್ನ ಹಾಗೆ ಹೇಳಿದ ಮಾತು ಕೇಳಿದರೆ ನಮಗೇನು ಕಷ್ಟ” ಎಂದು ನರ್ಸಮ್ಮ ಉಳಿದ ಹೆಂಗಸರಿಗೆ ಅವಳನ್ನು ತೋರಿಸಿದರು. ಗೋಕಿಲಾ ನಾಚಿ ನಕ್ಕಳು. ಆ ಎರಡು ವಾರಗಳಲ್ಲಿ ಅವಳ ಮುಖದಲ್ಲಿ ನಗು ಕಂಡದ್ದು ಅಂದೇ. ಏನು ತಿಂದು ಬಂದೆ ಎಂದು ಯಾರೂ ಕೇಳಲಿಲ್ಲ. ಮನೆಗೆ ಬಂದ ಮೇಲೆ ಅತ್ತೆ ಸಂತೋಷಕ್ಕೆ ಪಾಯಸ ಮಾಡಿದರು, ನಾಟ್ಟುಸಕ್ಕರೆಯ ಪಾಯಸ. ಕಾಯಿಲೆ ಹೋಯಿತು ಎಂದು ನಾವೆಲ್ಲ ನಂಬಿದೆವು. ಅಲ್ಲಿಂದ ಹೆರಿಗೆಯವರೆಗೆ ಇನ್ನೂ ಎರಡು ಸಲ ರಕ್ತ ನೋಡಿದರು. ಎರಡು ಸಲವೂ ಅವಳು ಹಾಗೆಯೇ ಪಾಸಾದಳು. ಬಳೆ ತೊಡಿಸುವ ಶಾಸ್ತ್ರದ ದಿನ ಪುಳಿಯೋಗರೆ, ಮೊಸರನ್ನ, ಸಿಹಿ ಪೊಂಗಲ್ ಎಂದು ಏಳು ಬಗೆಯ ಅನ್ನ ಬಡಿಸಿದೆವು. ಒಂಬತ್ತನೆಯ ತಿಂಗಳ ಸ್ಕ್ಯಾನಿನಲ್ಲಿ ಮಗು ದೊಡ್ಡದಿದೆ ಎಂದಾಗ ಅತ್ತೆ ದೃಷ್ಟಿ ತೆಗೆದರು. ಕಾರ್ಡಿನಲ್ಲಿ ಮೂರು ಸಲ ನಾರ್ಮಲ್ ಎಂದು ಬರೆದಿದ್ದುದರಿಂದ ಆರೋಗ್ಯ ಕೇಂದ್ರದವರಿಗೂ ಅನುಮಾನ ಬರಲಿಲ್ಲ.

ಹೆರಿಗೆ ಒಂದು ಶುಕ್ರವಾರ ಮಧ್ಯಾಹ್ನ ಅದೇ ಆರೋಗ್ಯ ಕೇಂದ್ರದಲ್ಲಿ ಆಯಿತು. ನಾನು, ಅತ್ತೆ ಬಾಗಿಲ ಹೊರಗೆ ನಿಂತಿದ್ದೆವು. ಗೋಕಿಲಾಳ ಕೂಗು ಕೇಳುತ್ತಿತ್ತು, ಆಮೇಲೆ ಇದ್ದಕ್ಕಿದ್ದಂತೆ ಒಳಗಿನವರ ಕೂಗು ಹೆಚ್ಚಾಯಿತು. ಇಬ್ಬರು ನರ್ಸುಗಳು ಓಡಿಬಂದು ಒಳಗೆ ಹೋದರು. ಮಗುವಿನ ತಲೆ ಬಂದಿತ್ತು, ಭುಜ ಬರಲಿಲ್ಲ, ಸಿಕ್ಕಿಕೊಂಡಿತ್ತು ಎಂದು ನಮಗೆ ತಿಳಿದದ್ದು ಆಮೇಲೆ. ಮಗು ಅತ್ತ ಸದ್ದು ಬರಲೇ ಇಲ್ಲ. ಅತ್ತೆ ನನ್ನ ಮುಂಗೈ ಹಿಡಿದಿದ್ದರು. ಎರಡು ದಿನ ಆ ಗುರುತು ಹೋಗಲಿಲ್ಲ. ಕೊನೆಗೆ ಬೆಕ್ಕಿನ ಮರಿಯಂಥ ಒಂದು ಸಣ್ಣ ದನಿ ಕೇಳಿತು. ನಾಲ್ಕು ಕಿಲೋ ಮುನ್ನೂರು ಗ್ರಾಂ. ಬಲಗೈ ಜೋತುಬಿದ್ದಿತ್ತು. ಮಗುವಿನ ರಕ್ತದಲ್ಲಿ ಸಕ್ಕರೆ ತೀರಾ ಇಳಿದಿದೆ, ದೊಡ್ಡಾಸ್ಪತ್ರೆಗೆ ಕೊಂಡುಹೋಗಬೇಕು ಎಂದರು. ತಾಯಿಗೆ ಮಗುವಿನ ಮುಖ ಒಂದು ಸಲ ತೋರಿಸಿ, ಆಂಬುಲೆನ್ಸಿನಲ್ಲಿ ಮಗುವಿನ ಜೊತೆ ನನ್ನನ್ನು ಕಳಿಸಿದರು; ಅತ್ತೆ ಗೋಕಿಲಾಳ ಬಳಿ ಉಳಿದರು. ತಾಯಿಗೆ ಸಕ್ಕರೆ ಹೆಚ್ಚು ಎಂದವರು ಮಗುವಿಗೆ ಸಕ್ಕರೆ ಕಡಿಮೆ ಎಂದಾಗ, ಇವರಿಗೇ ಏನೂ ಗೊತ್ತಿಲ್ಲ ಎಂದುಕೊಂಡೆ.

ದೊಡ್ಡಾಸ್ಪತ್ರೆಯ ನವಜಾತ ಶಿಶುಗಳ ವಾರ್ಡಿನಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಚಿಕ್ಕ ವಯಸ್ಸು, ಕಣ್ಣಿನ ಕೆಳಗೆ ಕಪ್ಪು. ಮಗುವಿಗೆ ಗ್ಲೂಕೋಸ್ ಹಾಕಿದ ಮೇಲೆ ನನ್ನ ಬಳಿ ಬಂದು ಕೇಳಿದರು, “ತಾಯಿಗೆ ಶುಗರ್ ಇತ್ತಾ?”

“ಇತ್ತು ಡಾಕ್ಟರ್, ಆಮೇಲೆ ನಾರ್ಮಲ್ ಆಯ್ತು. ನೂರಾ ನಾಲ್ಕು” ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ಟೆಸ್ಟಿನ ದಿನ ಏನು ತಿಂದಿದ್ದರು?”

ನಾನು ಎಲ್ಲವನ್ನೂ ಹೇಳಿದೆ. ಅರ್ಧ ಇಡ್ಲಿ, ನಾಟ್ಟುಸಕ್ಕರೆ, ಎಳನೀರು, ಪಾಯಸ. ಅವರು ಬೈಯಲಿಲ್ಲ. ಒಂದು ಲ್ಯಾಬ್ ಚೀಟಿಯ ಹಿಂಬದಿಯಲ್ಲಿ ತಟ್ಟೆಯೊಂದರ ಚಿತ್ರ ಬರೆದರು. ಅರ್ಧ ತಟ್ಟೆ ಪಲ್ಯ, ಸೊಪ್ಪು; ಕಾಲು ತಟ್ಟೆ ಅನ್ನ; ಕಾಲು ತಟ್ಟೆ ಬೇಳೆ ಅಥವಾ ಮೊಟ್ಟೆ. ಬೆಲ್ಲವೂ ಸಕ್ಕರೆಯೇ, ಅನ್ನವೂ ಹೊಟ್ಟೆಯೊಳಗೆ ಹೋಗಿ ಸಕ್ಕರೆಯೇ ಆಗುತ್ತದೆ ಎಂದರು. ತಾಯಿಯ ರಕ್ತದ ಸಕ್ಕರೆ ಮಗುವಿಗೂ ಹರಿಯುತ್ತದೆ, ಮಗು ದಪ್ಪವಾಗುತ್ತದೆ. ಅದನ್ನು ಅರಗಿಸಲು ಮಗುವಿನ ಮೈ ದುಡಿದು ದುಡಿದು, ಹುಟ್ಟಿದ ಕೂಡಲೇ ತಾಯಿಯ ಪೂರೈಕೆ ನಿಂತಾಗ ಸಕ್ಕರೆ ತಟ್ಟನೆ ಇಳಿಯುತ್ತದೆ ಎಂದರು. “ಹತೋಟಿಯಲ್ಲಿದ್ದಿದ್ದರೆ ಇದು ತಪ್ಪುತ್ತಿತ್ತು ಅಂತ ನಾನು ಖಂಡಿತ ಹೇಳಲಾರೆ. ಆದರೆ ತಪ್ಪುವ ಸಾಧ್ಯತೆ ಬಹಳ ಇತ್ತು” ಎಂದರು. ಎದುರಿಗೆ ಗಡಿಯಾರವಿತ್ತು. ಹತ್ತು ನಿಮಿಷ ಹಿಡಿಯಿತು. ಹತ್ತನೆಯ ಕ್ಲಾಸಿನವಳಾದ ನನಗೆ ಎಲ್ಲವೂ ಅರ್ಥವಾಯಿತು.

ಅರ್ಥವಾದದ್ದನ್ನು ಮನೆಗೆ ಹೊತ್ತು ತರುವುದು ಕಷ್ಟದ ಕೆಲಸ. ಐದನೆಯ ದಿನ ಮಗು ತಾಯಿಯ ಮಡಿಲಿಗೆ ಬಂದ ಮೇಲೆ ಅತ್ತೆಗೆ ಹೇಳಿದೆ. ಅವರು ಕಣ್ಣೀರು ಹಾಕಲಿಲ್ಲ. ತಮ್ಮ ಎರಡೂ ಅಂಗೈಯನ್ನು ನೋಡಿಕೊಂಡು, “ನಾನೇ ತಾನೆ ಕಣ್ಣು, ಈ ಕೈಯಾಲೆ ಉಣ್ಸ್ಬಿಟ್ಟೆ” ಎಂದರು. ಆ ದಿನದಿಂದ ಅವರು ಯಾರಿಗೂ ಒತ್ತಾಯ ಮಾಡಿ ಬಡಿಸಿದ್ದನ್ನು ನಾನು ಕಂಡಿಲ್ಲ. ಮನೆಗೆ ಬಂದವರು ಸಾಕು ಎಂದರೆ ಸೌಟು ಹಿಂದಕ್ಕೆ ಹೋಗುತ್ತದೆ. ಅರವತ್ತು ಮುಟ್ಟಿದ ಹೆಂಗಸಿನಿಂದ ಬಡಿಸುವ ಸಂತೋಷವನ್ನು ಕಿತ್ತುಕೊಂಡದ್ದನ್ನು ನಿಮ್ಮ ಯಾವ ರಿಜಿಸ್ಟರಿನಲ್ಲಿ ಬರೆಯುತ್ತೀರಿ?

ಮಗುವಿನ ಹೆಸರು ನಿವೇತಾ. ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡಾಗ ಬಲಗೈಯ ನರಕ್ಕೆ ಎಳೆತವಾಗಿದೆ. ವ್ಯಾಯಾಮಕ್ಕೆಂದು ಮೊದಲ ವರ್ಷ ವಾರಕ್ಕೊಮ್ಮೆ ಕೊಯಮತ್ತೂರಿಗೆ ಬಸ್ಸಿನಲ್ಲಿ ಹೋದೆವು, ಈಗ ತಿಂಗಳಿಗೊಮ್ಮೆ. ಬೆರಳು ಆಡುತ್ತವೆ, ಮೊಣಕೈ ಅರ್ಧ ಮಡಚುತ್ತದೆ, ತೋಳು ಭುಜದ ಮಟ್ಟಕ್ಕಿಂತ ಮೇಲೇಳುವುದಿಲ್ಲ. ಎಲ್ಲಕ್ಕೂ ಎಡಗೈ. ಯಾರಾದರೂ ಬಿಸ್ಕತ್ತು ಕೊಟ್ಟು “ಬಲಗೈಯಲ್ಲಿ ಈಸ್ಕೋಬೇಕು ಕಣ್ಣು” ಎಂದು ತಿದ್ದಿದರೆ, ಅವಳು ಎಡಗೈಯಿಂದ ಬಲಗೈಯನ್ನು ಎತ್ತಿ ಮುಂದೆ ಹಿಡಿಯುತ್ತಾಳೆ. ಅದು ಆಟವೆಂದು ಅವಳು ತಿಳಿದಿದ್ದಾಳೆ. ಗೋಕಿಲಾ ಆಗ ಒಳಗೆ ಹೋಗಿಬಿಡುತ್ತಾಳೆ.

ಇಷ್ಟೆಲ್ಲ ಆದ ಮೇಲೂ ಹೆರಿಗೆಯಾಗಿ ಆರು ವಾರಕ್ಕೆ ತಾಯಿಯ ರಕ್ತವನ್ನು ಮತ್ತೆ ಪರೀಕ್ಷಿಸಬೇಕು, ಆಮೇಲೂ ವರ್ಷಕ್ಕೊಮ್ಮೆಯಾದರೂ ನೋಡುತ್ತಿರಬೇಕು ಎಂದು ನಮಗೆ ಯಾರೂ ಹೇಳಲಿಲ್ಲ. ಮಗುವಿಗೆ ಲಸಿಕೆ ಹಾಕಿಸಲು ಎಷ್ಟು ಸಲ ಹೋದೆವು! ಆ ಕಾರ್ಡಿನಲ್ಲಿ ತಾಯಿಗೆಂದು ಒಂದು ಸಾಲೂ ಇರಲಿಲ್ಲ. ಮಗು ಹೊರಗೆ ಬಂದ ಮೇಲೆ ತಾಯಿ ನಿಮ್ಮ ಇಲಾಖೆಗೆ ಯಾರು, ಮಾನ್ಯರೇ?

ಈಗ ವಿಷಯಕ್ಕೆ ಬರುತ್ತೇನೆ. ಗೋಕಿಲಾ ಮತ್ತೆ ಬಸುರಿ. ಮೂರು ತಿಂಗಳು. ಬರುವ ಮಂಗಳವಾರ ಮೊದಲ ಪರೀಕ್ಷೆ, ಅದೇ ಆರೋಗ್ಯ ಕೇಂದ್ರದಲ್ಲಿ. ಹಾಗಾಗಿ ನಾನು ಪರಿಹಾರ ಕೇಳುತ್ತಿಲ್ಲ, ಯಾರನ್ನೂ ಅಮಾನತು ಮಾಡಿ ಎನ್ನುತ್ತಿಲ್ಲ. ಸಕ್ಕರೆ ಇದೆ ಎಂದು ಕಂಡ ಪ್ರತಿಯೊಬ್ಬ ಬಸುರಿಯ ಜೊತೆಗೂ, ಅವಳಿಗೆ ಅಡಿಗೆ ಮಾಡಿ ಹಾಕುವವರ ಜೊತೆಗೂ, ಹತ್ತು ನಿಮಿಷ ಕೂತು ಮಾತಾಡಲೆಂದೇ ಒಬ್ಬರನ್ನು ನೇಮಿಸಿ. ಬೇರೆ ಕೆಲಸ ಅವರಿಗೆ ಕೊಡಬೇಡಿ. ನಮ್ಮ ಅನ್ನ, ನಮ್ಮ ಮುದ್ದೆ, ನಮ್ಮ ಬೆಲ್ಲ ಇರುವ ಕರಪತ್ರ ಅಚ್ಚು ಹಾಕಿಸಿ. ‘ಅರ್ಥವಾಯಿತಾ’ ಎಂದು ಕೇಳುವುದನ್ನು ಬಿಟ್ಟು, ‘ನಿನಗೆ ಏನು ಅರ್ಥವಾಯಿತು, ನನಗೆ ಹೇಳು’ ಎಂದು ಕೇಳುವ ಪದ್ಧತಿ ತನ್ನಿ. ರಕ್ತ ತೆಗೆಯುವ ಮುನ್ನ ಏನು ತಿಂದು ಬಂದಿದ್ದಾಳೆಂದು ವಿಚಾರಿಸಿ, ಹೆಚ್ಚು ಬಂದರೆ ಅದು ಅವಳ ತಪ್ಪಲ್ಲವೆಂದು ಹೇಳಿ. ಹೆರಿಗೆಯ ನಂತರದ ಪರೀಕ್ಷೆಯನ್ನು ಮಗುವಿನ ಲಸಿಕೆಯ ದಿನದಲ್ಲೇ ಮಾಡಿ.

ಈ ಪತ್ರವನ್ನು ಮುಗಿಸುವ ಮೊದಲು ಗೋಕಿಲಾಗೆ ಓದಿ ಹೇಳಿದೆ. ಬೇಡವೆಂದರೆ ಹೆಸರು ಬದಲಿಸುತ್ತೇನೆ ಎಂದೆ. ಅವಳು ಮಗುವಿನ ತೋಳನ್ನು ವ್ಯಾಯಾಮಕ್ಕಾಗಿ ಮೆಲ್ಲಗೆ ಮೇಲೆತ್ತುತ್ತಾ, ಒಂದು ಎರಡು ಎಂದು ಎಣಿಸುತ್ತಾ, ಪೂರ್ತಿ ಕೇಳಿಸಿಕೊಂಡಳು.

“ನನ್ ಪೇರೇ ಇರ್ಲಿ ಅಕ್ಕಾ” ಎಂದಳು. ಆಮೇಲೆ ಹೇಳಿದಳು: “ತಪ್ಪು ಯಾರ್ದು ಅಂತ ತುಂಬ ಬರ್ದಿದ್ದೀರಿ. ಅದು ಸಾಕು. ಈಗ ಹೊಟ್ಟೇಲಿ ಒಂದು ಕೊಳಂದೆ ಇದೆ. ನಾಳೆ ಬೆಳಗ್ಗೆ ನಾನ್ ಏನ್ ತಿನ್ಬೇಕು, ಎಷ್ಟು ತಿನ್ಬೇಕು? ಅದ್ನ ಕೇಳಿ ಬರೀರಿ.”

ಅವಳು ಕೇಳಿದ್ದನ್ನು ಬರೆದಿದ್ದೇನೆ. ಉತ್ತರಕ್ಕೆ ಏಳು ವಾರ ಕಾಯಲಾಗದು.

ಇಂತಿ,
ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಎರಡು ವರ್ಷ ತಡವಾಗಿ ಕೇಳುತ್ತಿರುವ ಹಿರಿಯ ಸೊಸೆ,
ಮಲ್ಲಿಗಾ